ಪರದೆಯ ಮೇಲಿನ ಪಾದ್ರಿ ಆಡದ ಮಾತು

ಮೊಣಕಾಲು ಕೈಕೊಟ್ಟ ಮೇಲೆ ಸಿನಿಮಾ ಹೇಳುವುದು ನನಗೆ ಕಷ್ಟವಾಗುತ್ತ ಬಂತು. ಸಿನಿಮಾ ಹೇಳುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಕೋಲಾರದ ನಮ್ಮ ಕ್ರೈಸ್ತ ಸಭೆಯಲ್ಲಿ ಈಸ್ಟರಿಗೆ ಮುಂಚಿನ ಶ್ರಮೆಯ ಕಾಲದ ಶುಕ್ರವಾರಗಳಂದು, ಸಾಯಂಕಾಲ ಐದೂವರೆಗೆ, ದೇವಾಲಯದ ಪಕ್ಕದ ಹಾಲಿನಲ್ಲಿ ಹಳೆಯ ಸಿನಿಮಾ ತೋರಿಸುತ್ತೇವೆ. ಹೆಚ್ಚಿನವು ಹೊರದೇಶದವು, ಕಪ್ಪು ಬಿಳುಪಿನವು. ಆ ಭಾಷೆಗಳು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ, ಅದನ್ನು ಓದಬಲ್ಲವರು ಹಾಲಿನಲ್ಲಿ ಹತ್ತು ಜನ ಇದ್ದರೆ ಹೆಚ್ಚು. ಹಾಗಾಗಿ ಒಬ್ಬರು ಪರದೆಯ ಪಕ್ಕದಲ್ಲಿ ಮೈಕು ಹಿಡಿದು ನಿಂತು, ಯಾರು ಯಾರಿಗೆ ಏನಂದರು ಎಂಬುದನ್ನು ಆಗಿಂದಾಗಲೇ ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಬೈರಕೂರಿನ ಕಡೆಯವರು ಬಂದಿದ್ದರೆ ನಡುನಡುವೆ ತೆಲುಗಿನಲ್ಲೂ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾಗಿ ಕೋಲಾರಕ್ಕೆ ವಾಪಸು ಬಂದಾಗ ಆ ಕೆಲಸ ನನ್ನ ತಲೆಗೆ ಬಂತು.

ನಮ್ಮ ಮನೆಗೆ ಇದು ಹೊಸ ಕೆಲಸವಲ್ಲ. ನನ್ನ ಅಜ್ಜಿ ಬೈಬಲ್ ಅಮ್ಮ ಆಗಿದ್ದವರು. ಮಿಷನ್ನಿನವರು ಕೊಡುವ ಸಂಬಳಕ್ಕೆ ಊರೂರು ತಿರುಗಿ, ಹೆಂಗಸರನ್ನು ಕೂರಿಸಿಕೊಂಡು ಬೈಬಲ್ಲಿನ ಕಥೆ ಹೇಳುವ ಕೆಲಸ. ಅವರ ಬಳಿ ಒಂದು ತಗಡಿನ ಪೆಟ್ಟಿಗೆ ಇತ್ತು. ಒಳಗೆ ದೀಪ ಹಚ್ಚಿ ಮುಂದುಗಡೆ ಬಣ್ಣದ ಗಾಜು ತೂರಿಸಿದರೆ ಎದುರಿಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಚಿತ್ರ ಬೀಳುತ್ತಿತ್ತು. ಆವನಿ, ಬೈರಕೂರು, ಮಾಸ್ತಿ ಎಂದು ಎತ್ತಿನ ಗಾಡಿಯಲ್ಲಿ ಅದನ್ನು ಹೊತ್ತುಕೊಂಡು ತಿರುಗಿದ್ದರಂತೆ. ನಾನು ಕಾಣುವ ಹೊತ್ತಿಗೆ ಪೆಟ್ಟಿಗೆಗೂ ಅಜ್ಜಿಗೂ ವಯಸ್ಸಾಗಿತ್ತು, ಪಡಸಾಲೆಯಲ್ಲಿ ಮಕ್ಕಳಿಗಷ್ಟೇ ಪ್ರದರ್ಶನ. ಅಜ್ಜಿಯ ಕಥೆಯಲ್ಲಿ ಗಲಿಲಾಯದ ಸಮುದ್ರ ಕೋಲಾರಮ್ಮನ ಕೆರೆಯಾಗಿಬಿಡುತ್ತಿತ್ತು. ಬೆಸ್ತ ಶಿಷ್ಯರು ಒಬ್ಬರನ್ನೊಬ್ಬರು ಅಪ್ಪಟ ತೆಲುಗಿನಲ್ಲಿ ಬೈದುಕೊಳ್ಳುತ್ತಿದ್ದರು. ಒಮ್ಮೆ ನಾನು, ಬೈಬಲ್ಲಿನಲ್ಲಿ ಸಮುದ್ರ ಅಂತ ಇದೆಯಲ್ಲ ಎಂದು ಜಾಣತನ ತೋರಿಸಿದೆ.

“ಸಮುದ್ರ ನೋಡ್ದೇ ಇರೋವ್ರಿಗೆ ಸಮುದ್ರ ಅಂದ್ರೆ ಏನ್ಲಾ ತಿಳೀತದೆ? ಕೆರೆ ಅನ್ನು, ಕೂತಿರೋವ್ರಿಗೆ ಕಾಲು ತಣ್ಣಗಾಗ್ತದೆ,” ಎಂದರು ಅಜ್ಜಿ.

ಆದರೆ ಯೇಸುವಿನ ಮಾತು ಬಂದಾಗ ಮಾತ್ರ ಪುಸ್ತಕ ತೆರೆದು, ಬೆರಳಿಟ್ಟು, ಇದ್ದದ್ದನ್ನು ಇದ್ದಂತೆ ಓದುತ್ತಿದ್ದರು. “ಅವ್ರ ಬಾಯಿಗೆ ನಮ್ಮ ಮಾತು ಹಾಕ್ಬಾರ್ದು ಕಣೋ. ಅವ್ರೇ ಬೇಕಾದಷ್ಟು ಆಡವ್ರೆ,” ಎನ್ನುತ್ತಿದ್ದರು. ನನಗೆ ಮಾತು ಕಲಿಸಿದವರು ಅವರು, ಮತ್ತು ಸಭೆಯ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನದವರೆಗೆ ಕೂತು ಹರಟುತ್ತಿದ್ದ ಹಿರಿಯರು. ಕಲಿತದ್ದರಲ್ಲಿ ಕೆರೆಯನ್ನು ಇಟ್ಟುಕೊಂಡೆ. ಪುಸ್ತಕದ ಮೇಲಿನ ಬೆರಳನ್ನು ಬಿಟ್ಟೆ.

ಹುಡುಗನಾಗಿದ್ದಾಗ ಶುಭ ಶುಕ್ರವಾರದಂದು ಟೆಂಟಿನಲ್ಲಿ ಯೇಸುವಿನ ಜೀವನದ ಬಣ್ಣದ ಸಿನಿಮಾ ಹಾಕುತ್ತಿದ್ದರು. ಊರಿನವರೆಲ್ಲ ಬರುತ್ತಿದ್ದರು, ಯಾವ ಜಾತಿ ಯಾವ ಮತ ಎಂದು ಇರಲಿಲ್ಲ. ಶಿಲುಬೆ ಹೊರುವ ದೃಶ್ಯ ಬಂದರೆ ಯಾರೋ ಕರ್ಪೂರ ಹಚ್ಚುತ್ತಿದ್ದರು, ಮುಂದೆ ಕೂತ ಹೆಂಗಸರು ಸೆರಗೊಡ್ಡುತ್ತಿದ್ದರು. ಆ ಸಿನಿಮಾಗಳಲ್ಲಿ ದೇವರಿಗೆ ಗುಡುಗಿನ ಕಂಠ. ಮೋಡ ಸರಿದರೆ ಸಾಕು, ಮಾತಾಡಿಬಿಡುತ್ತಿದ್ದ. ನನಗೂ ಅದು ಇಷ್ಟವಾಗಿತ್ತು. ವಯಸ್ಸಾಗುತ್ತ ಬಂದಂತೆ ಈ ಕಪ್ಪು ಬಿಳುಪಿನವು ಹಿಡಿಸಿದವು. ಇವುಗಳಲ್ಲಿ ದೇವರು ಒಂದು ಮಾತೂ ಆಡುವುದಿಲ್ಲ. ಒಬ್ಬ ಮುದುಕಿ ಮೇಣದ ಬತ್ತಿ ಹಚ್ಚುತ್ತಾಳೆ, ಅದು ಕರಗುವುದನ್ನು ನಾವೂ ಕೂತು ನೋಡಬೇಕು. ಸಂಗೀತವಿಲ್ಲ, ಗಡಿಬಿಡಿಯಿಲ್ಲ. ಮೊದಮೊದಲು ನಮ್ಮ ಜನ ಆಕಳಿಸಿದರು. ಆಮೇಲೆ ಅಭ್ಯಾಸವಾಯಿತು. ನನ್ನ ಪ್ರಾರ್ಥನೆಯೂ ಅಷ್ಟರಲ್ಲಿ ಹಾಗೇ ಆಗಿತ್ತು. ಮಾತಾಡಿ ಮಾತಾಡಿ ಸಾಕಾಗಿ ಸುಮ್ಮನೆ ಕೂರುವುದು. ಅದು ಭಕ್ತಿಯೋ ದಣಿವೋ ಎಂದು ಕೇಳಿದರೆ ನಾನು ಉತ್ತರ ಕೊಡಲಾರೆ.

ಇಂಥ ಸಿನಿಮಾಗಳಲ್ಲಿ ಒಂದರ ವಿಷಯ ಹೇಳಬೇಕು. ಚಳಿಯ ದೇಶವೊಂದರ ಸಮುದ್ರದ ದಂಡೆಯ ಬಡ ಊರು. ಬಿರುಗಾಳಿಯಲ್ಲಿ ದೋಣಿ ಮುಳುಗಿ ಒಬ್ಬ ಹೆಂಗಸಿನ ಗಂಡ, ಮಗ ಇಬ್ಬರೂ ಹೋಗುತ್ತಾರೆ. ಹೆಣಗಳೂ ಸಿಗುವುದಿಲ್ಲ. ಊರಿನ ಪಾದ್ರಿ ಮುದುಕ, ಆಕೆಗೆ ಸಮಾಧಾನ ಹೇಳಬೇಕೆಂದು ಏನೇನೋ ಬರೆದುಕೊಂಡು, ಬಾಯಿಪಾಠ ಮಾಡಿಕೊಂಡು ಬರುತ್ತಾನೆ. ಆಕೆ ದಂಡೆಯಲ್ಲಿ ಹರಿದ ಬಲೆ ಮುಂದಿಟ್ಟುಕೊಂಡು ಕೂತಿದ್ದಾಳೆ. ತಲೆ ಎತ್ತದೆ ಕೇಳುತ್ತಾಳೆ: ಅವರು ಎಲ್ಲಿದ್ದಾರೆ? ಪಾದ್ರಿ ಟೋಪಿ ತೆಗೆಯುತ್ತಾನೆ. ಬಹಳ ಹೊತ್ತು ಗಾಳಿಯ ಸದ್ದು ಮಾತ್ರ. ಆಮೇಲೆ ಎರಡು ಚಿಕ್ಕ ಮಾತು ಹೇಳುತ್ತಾನೆ: ನನಗೆ ಗೊತ್ತಿಲ್ಲ. ಇಲ್ಲಿ ಕೂತುಕೊಳ್ಳಲೇ? ಕೂತು, ಬಲೆಯ ಇನ್ನೊಂದು ತುದಿಯನ್ನು ಎತ್ತಿಕೊಂಡು ಹೆಣೆಯತೊಡಗುತ್ತಾನೆ. ಕೊನೆಯವರೆಗೂ ಮತ್ತೆ ಮಾತಿಲ್ಲ.

ಏಳು ವರ್ಷದ ಹಿಂದೆ ಈ ಸಿನಿಮಾವನ್ನು ಮೊದಲ ಸಲ ಹಾಕಿದ ದಿನ ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಕೂತಿದ್ದರು. ಶ್ರೀನಿವಾಸಪುರದವರು, ಅಂಗನವಾಡಿಯಲ್ಲಿ ಕಾರ್ಯಕರ್ತೆ. ನಮ್ಮ ಸಭೆಯವರಲ್ಲ, ಅವರ ಮನೆದೇವರು ತಿರುಪತಿಯ ವೆಂಕಟರಮಣ. ಒಬ್ಬ ಮಗ, ಒಬ್ಬಳು ಮಗಳು. ಮಗಳು ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದಳು, ಡೆಂಗ್ಯೂ ಬಂದು ನಾಲ್ಕೇ ದಿನದಲ್ಲಿ ಹೋಗಿದ್ದಳು. ಆಗಿನ್ನೂ ತಿಂಗಳಾಗಿರಲಿಲ್ಲ. ಮಗಳ ಜೊತೆ ಓದುತ್ತಿದ್ದ ಹುಡುಗಿಯರು ನಮ್ಮ ಸಭೆಗೆ ಬರುವವರು. ಹಾಸ್ಟೆಲಿನಿಂದ ಮಗಳ ಟ್ರಂಕು ತೆಗೆದುಕೊಂಡು ಹೋಗಲು ಬಂದ ತಾಯಿಯನ್ನು ಬಸ್ಸಿನವರೆಗೆ ಒಬ್ಬರನ್ನೇ ಬಿಡಲಾರದೆ, ಒಂದು ಗಂಟೆ ಕೂತು ಹೋಗಿ ಎಂದು ಕರೆತಂದಿದ್ದರು.

ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಲೇ ಇದ್ದರು. ಪರದೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ಪರದೆಯ ಮೇಲಿನ ಹೆಂಗಸು, ಅವರು ಎಲ್ಲಿದ್ದಾರೆ ಎಂದು ಕೇಳಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮುಂದಿನ ಸಾಲಿನ ಬಿಕ್ಕು ನಿಂತಿತು. ಆ ತಾಯಿ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು, ಉತ್ತರ ನನ್ನ ಬಾಯಿಂದ ಬರಬೇಕಲ್ಲ! ಗಾಳಿಯ ಸದ್ದು ಮುಗಿಯಿತು. ಅಕ್ಷರ ಬಂತು. ನಾನು ಓದಿದೆ. ಓದಿದ್ದನ್ನು ಹೇಳಲು ನನಗೆ ಆಗಲಿಲ್ಲ.

“ಅವರು ದೇವರ ಮಡಿಲಲ್ಲಿ ಮಲಗಿದ್ದಾರೆ ತಾಯಿ. ನೀನು ಅತ್ತರೆ ಅವರಿಗೆ ಎಚ್ಚರವಾಗುತ್ತೆ.”

ಇದು ನಾನು ಹೇಳಿದ್ದು. ಎಲ್ಲಿಂದ ಬಂತೋ ಗೊತ್ತಿಲ್ಲ, ತಡೆಯಿಲ್ಲದೆ ಬಂತು. ಆ ತಾಯಿ ಸೆರಗನ್ನು ಬಾಯಿಂದ ತೆಗೆದರು. ಕಣ್ಣು ಒರೆಸಿಕೊಂಡರು. ಸಿನಿಮಾ ಮುಗಿಯುವವರೆಗೆ ಕದಲದೆ ಕೂತಿದ್ದರು. ನಿಜ ಹೇಳುತ್ತೇನೆ, ಅಂದು ನನಗೆ ಹೆಮ್ಮೆಯೇ ಆಯಿತು. ಮೂವತ್ತು ವರ್ಷ ಪಾಠ ಮಾಡಿ ಆಗದ ಕೆಲಸ ಒಂದು ವಾಕ್ಯದಲ್ಲಿ ಆಯಿತೆಂದುಕೊಂಡೆ. ಹೊರಗೆ ಬರುವಾಗ ಸಭೆಯ ಹಿರಿಯರೊಬ್ಬರು ಹಿಡಿದರು. ಅವರಿಗೆ ಕಿವಿ ಮಂದ, ಕಣ್ಣು ಚುರುಕು.

“ಏನ್ ಮೇಷ್ಟ್ರೇ, ಆ ಪಾದ್ರಿ ಎರಡ್ ಸಲ ಬಾಯಿ ತೆಗ್ದ. ನೀವು ನೋಡಿದ್ರೆ ಒಂದ್ ಪ್ರಸಂಗಾನೇ ಮಾಡಿದ್ರಿ?”

“ಅವರ ಭಾಷೆ ಬಿಗಿ ಸ್ವಾಮಿ. ಕನ್ನಡಕ್ಕೆ ಬಂದ್ರೆ ಸಡಿಲ ಆಗುತ್ತೆ,” ಎಂದು ಜಾರಿಕೊಂಡೆ. ಇಂಗ್ಲಿಷ್ ಓದಬಲ್ಲವರೂ ಆ ತಾಯಿಯ ಮುಖ ನೋಡಿ ವಿಷಯ ಎತ್ತಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಮರುವರ್ಷ ಶ್ರಮೆಯ ಕಾಲ ಬಂದಾಗ ಆ ತಾಯಿಯ ಫೋನು ಬಂತು: “ಆ ಬಲೆ ಸಿನಿಮಾ ಹಾಕ್ತೀರಾ ಮೇಷ್ಟ್ರೇ? ನಮ್ಮ ಯಜಮಾನ್ರಿಗೂ ಕೇಳಿಸ್ಬೇಕು.” ಗಂಡನನ್ನು ಕರೆದುಕೊಂಡು ಬಂದರು. ನಾನು ಅದೇ ಮಾತನ್ನು ಹೇಳಿದೆ, ಹೇಳದೆ ವಿಧಿಯಿರಲಿಲ್ಲ. ಅದರ ಮುಂದಿನ ಸಲ ಓಣಿಯವರಿಬ್ಬರನ್ನು ಕರೆತಂದರು. ಸಾವಾದ ಮನೆಗೆ ಹೋದರೆ ಆ ಮಾತನ್ನೇ ಹೇಳಿ ಬರುತ್ತಾರೆಂದು ಕೇಳಿದೆ. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಒಬ್ಬರೇ ಬರತೊಡಗಿದರು. ಕೊರೋನಾ ಬಂದ ವರ್ಷಗಳನ್ನು ಬಿಟ್ಟರೆ ಐದು ಸಲ ಆ ಸಿನಿಮಾ ಆಯಿತು, ಐದು ಸಲವೂ ನಾನು ಪಾದ್ರಿಯ ಬಾಯಿಗೆ ನನ್ನ ಮಾತು ಹಾಕಿದೆ. ಬರುಬರುತ್ತ ಆ ಗಾಳಿಯ ಸದ್ದು ಶುರುವಾದರೆ ನಾನು ಮುಂದಿನ ಸಾಲಿನ ಕಡೆ ನೋಡುವುದನ್ನು ಬಿಟ್ಟೆ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಆ ತಾಯಿ ಮಾತ್ರ ಪ್ರತಿಸಲ ಹೊರಡುವಾಗ ಕೈಮುಗಿದು, “ಆ ಮಾತೇ ನನ್ನನ್ನ ಉಳ್ಸಿರೋದು ಮೇಷ್ಟ್ರೇ,” ಎಂದು ಹೇಳಿ ಹೋಗುವರು.

ಈ ವರ್ಷ ನಮ್ಮ ಸಭೆಗೆ ಹೊಸ ಅಯ್ಯನವರು, ಎಂದರೆ ಪಾದ್ರಿಗಳು, ಬಂದರು. ಮೂವತ್ತೈದರ ಒಳಗಿನವರು, ಒಳ್ಳೆಯವರು, ಬೇರೆಯವರ ಮೊಣಕಾಲಿನ ಬಗ್ಗೆ ಯೋಚನೆ ಮಾಡುವವರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಸರ್, ಇನ್ಮೇಲೆ ನೀವು ಎರಡು ಗಂಟೆ ನಿಂತ್ಕೋಬೇಕಾಗಿಲ್ಲ. ಬೆಂಗಳೂರಲ್ಲಿ ನನ್ನ ಸ್ನೇಹಿತರು ಅಕ್ಷರನೆಲ್ಲಾ ಕನ್ನಡಕ್ಕೆ ಮಾಡಿಕೊಟ್ಟಿದ್ದಾರೆ. ಓದಕ್ಕೆ ಬರೋರು ಓದ್ಕೋತಾರೆ, ಬರದೇ ಇರೋರಿಗೆ ಪಕ್ಕದವರು ಹೇಳ್ತಾರೆ,” ಎಂದರು.

“ಯಾವ ಸಿನಿಮಾಗೆ ಅಯ್ಯನವರೇ?”

“ಬಲೆ ಸಿನಿಮಾಗೇ ಮೊದಲು ಮಾಡಿಸಿದ್ದು ಸರ್. ಜನಕ್ಕೆ ಅದೇ ಇಷ್ಟ ಅಂತ ಎಲ್ಲಾರೂ ಹೇಳಿದ್ರು.”

ಸಂತೋಷ ಎಂದೆ. ಆ ತಾಯಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಬರುವ ಶುಕ್ರವಾರವಲ್ಲ, ಅದರಾಚೆಯ ಶುಕ್ರವಾರ ಅವರು ಮುಂದಿನ ಸಾಲಿನಲ್ಲಿ ಕೂತು, ಪಾದ್ರಿ ನನಗೆ ಗೊತ್ತಿಲ್ಲ ಅಂದದ್ದನ್ನು ತಮ್ಮ ಕಣ್ಣಿಂದಲೇ ಓದುತ್ತಾರೆ. ಏಳು ವರ್ಷ ಅವರನ್ನು ಹೊತ್ತು ನಿಲ್ಲಿಸಿದ್ದು ಐವತ್ತು ಜನರ ನಡುವೆ ಕುಸಿಯುತ್ತದೆ. ಸಿನಿಮಾ ಬದಲಾಯಿಸಿ ಎನ್ನಲೇ ಎಂದು ಯೋಚಿಸಿದೆ. ಆ ಒಂದು ಸಾಲನ್ನು ಮಾತ್ರ ನಾನು ಹೇಳುತ್ತಿದ್ದಂತೆ ತಿದ್ದಿಸಿ ಎಂದು ಕೇಳಲೇ ಎನ್ನುವ ತನಕವೂ ನನ್ನ ಬುದ್ಧಿ ಹೋಯಿತು. ಎರಡು ದಿನ ತಳಮಳಿಸಿ, ಕೊನೆಗೆ ಹೆಂಡತಿಯ ಮುಂದೆ ಬಾಯಿ ಬಿಟ್ಟೆ. ಆಕೆ ಬಟ್ಟೆ ಮಡಚುತ್ತಿದ್ದಳು, ನಿಲ್ಲಿಸಲಿಲ್ಲ.

“ಅಲ್ಲಾ ರೀ, ಸುಳ್ಳು ಹೇಳೋರು ಕಿವೀಲಿ ಹೇಳ್ತಾರೆ. ನೀವು ದೇವಾಲಯದ ಹಾಲಲ್ಲಿ ಮೈಕ್ ಹಿಡ್ಕೊಂಡು ಹೇಳಿದೀರಲ್ಲ!”

“ಒಳ್ಳೇದಕ್ಕೇ ಹೇಳಿದ್ದು ಕಣೇ. ಆಯಮ್ಮನ ಮುಖ ನೋಡಿದ್ರೆ ನೀನೂ ಹೇಳ್ತಿದ್ದೆ.”

“ಹೇಳ್ತಿದ್ನೇನೋ. ಈಗ ಹೋಗಿ, ಪಾದ್ರಿ ಹಂಗೆ ಅನ್ಲಿಲ್ಲ ಅಂತ ಹೇಳ್ಬಿಡಿ.”

“ತಡ್ಕೋತಾರಾ?”

“ತಡ್ಕೊಳ್ಳೋದು ಬಿಡೋದು ಆಯಮ್ಮನ ಕೆಲ್ಸ. ಹೇಳೋದು ನಿಮ್ದು. ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ, ಫೋನಲ್ಲಿ ಹೇಳ್ಬೇಡಿ.”

ಮರುದಿನ ಹೋದೆ. ಶ್ರೀನಿವಾಸಪುರದ ದಾರಿಯುದ್ದಕ್ಕೂ ಮಾವಿನ ಮರಗಳಲ್ಲಿ ಗೋಲಿಯಷ್ಟು ದಪ್ಪದ ಕಾಯಿ ಕಚ್ಚಿತ್ತು. ಬಸ್ಸಿನಲ್ಲಿ ನಾನು ಅಭ್ಯಾಸ ಮಾಡಿಕೊಂಡದ್ದೆಲ್ಲ ಇಳಿಯುವಷ್ಟರಲ್ಲಿ ಮರೆತುಹೋಯಿತು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಆ ತಾಯಿ ಮನೆಯ ಮುಂದಿನ ನೆರಳಲ್ಲಿ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು.

“ಅಯ್ಯೋ ದೇವುಡಾ, ಮೇಷ್ಟ್ರು! ಒಂದು ಫೋನಾದ್ರೂ ಮಾಡ್ಬಾರ್ದಾ? ಒಂದ್ ಪಾವು ಅಕ್ಕಿ ಜಾಸ್ತಿ ಇಡ್ತಿದ್ದೆ.”

“ಊಟಕ್ಕೆ ಬಂದಿಲ್ಲಮ್ಮ.”

“ಊಟಕ್ಕಲ್ದೆ ಈ ಬಿಸ್ಲಲ್ಲಿ ಬರೋರು ಸಾವಿನ ಸುದ್ದಿ ತರೋರು. ಯಾರ್ ಹೋದ್ರು?”

“ಯಾರೂ ಹೋಗಿಲ್ಲ.”

“ಮತ್ತೆ ಮುಖ ಯಾಕ್ ಹಂಗಿಟ್ಕೊಂಡಿದೀರಾ? ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ.”

ಮಜ್ಜಿಗೆ ಕುಡಿದೆ. ಲೋಟ ಕೆಳಗಿಟ್ಟೆ. ಆಮೇಲೆ ಹೇಳಿದೆ: ಸಿನಿಮಾದಲ್ಲಿ ಪಾದ್ರಿ ಆ ಮಾತು ಹೇಳುವುದಿಲ್ಲ, ಅದು ನಾನು ಸೇರಿಸಿದ್ದು, ಈ ಸಲ ಕನ್ನಡ ಅಕ್ಷರ ಬರುತ್ತದೆ, ನಿಮಗೆ ಅಲ್ಲಿ ಗೊತ್ತಾಗುವ ಮುಂಚೆ ನಾನೇ ಹೇಳಬೇಕೆಂದು ಬಂದೆ. ಆ ತಾಯಿ ಹುಣಸೆಹಣ್ಣು ಕುಟ್ಟುವುದನ್ನು ನಿಲ್ಲಿಸಲಿಲ್ಲ. ನಾಲ್ಕೈದು ಹಣ್ಣು ಆದ ಮೇಲೆ ಕೇಳಿದರು.

“ಅವ್ರು ಏನಂದ್ರು ಹಂಗಾದ್ರೆ?”

“ಗೊತ್ತಿಲ್ಲ ಅಂದ್ರು.”

“ಅಷ್ಟೇನಾ?”

“ಇಲ್ಲಿ ಕೂತ್ಕೊಳ್ಳಲಾ ಅಂತ ಕೇಳಿದ್ರು.”

“ಅತ್ರೆ ಎಚ್ಚರ ಆಗುತ್ತೆ ಅನ್ನೋದು?”

“ಅದು ನಂದು.”

“ನಿಮಗ್ಯಾರು ಹೇಳಿದ್ರು ಅದ್ನ?”

“ಯಾರೂ ಇಲ್ಲಮ್ಮ. ಬಾಯಿಗೆ ಬಂತು.”

“ಬಾಯಿಗೆ ಬಂತು,” ಎಂದರು ಅವರು. ಕಲ್ಲನ್ನು ಕೆಳಗಿಟ್ಟರು. ಕೈಗೆಲ್ಲ ಹುಣಸೆಯ ಅಂಟು. ಅದನ್ನು ಒಂದು ಬೆರಳಿನಿಂದ ಇನ್ನೊಂದು ಬೆರಳಿಗೆ ಉಜ್ಜುತ್ತ ಮಾತಾಡಿದರು, ದನಿ ಏರಿಸಲಿಲ್ಲ. “ಮೇಷ್ಟ್ರೇ, ಅವತ್ತಿಂದ ನಾನು ಅತ್ತಿಲ್ಲ. ಏಳು ವರ್ಷ. ಅವಳ ತಿಥಿ ದಿನ ಎಲ್ಲಾ ಅಳ್ತಿದ್ರೆ ನಾನು ಹಿತ್ತಿಲಿಗೆ ಹೋಗಿ ಪಾತ್ರೆ ತೊಳೀತಿದ್ದೆ. ಕಲ್ಲು ಮನಸ್ಸು ಅಂತ ಆಡ್ಕೊಂಡ್ರು. ಆಡ್ಕೊಳ್ಳಲಿ, ಮಗು ಮಲಗಿದೆಯಲ್ಲ ಅಂತ ನಾನು. ನಮ್ಮ ಯಜಮಾನ್ರು ತಡೀಲಾರ್ದೆ ಅತ್ರೆ ಬಾಯಿ ಮೇಲೆ ಕೈ ಇಡ್ತಿದ್ದೆ. ಸುಮ್ನಿರಿ, ಎಬ್ಬಿಸ್ತೀರಾ ಅಂತಿದ್ದೆ. ಆಯಪ್ಪ ನುಂಗ್ಕೊಂಡ್ ನುಂಗ್ಕೊಂಡೇ ಹೋದ್ರು. ಅಳಕ್ಕೂ ಬಿಡ್ಲಿಲ್ಲ ನಾನು ಅವರನ್ನ.”

ಇದು ನನಗೆ ಗೊತ್ತಿರಲಿಲ್ಲ. ಉಳಿಸಿತು, ಉಳಿಸಿತು ಎಂದು ಅವರು ಹೇಳುವಾಗ ನಾನು ಸಮಾಧಾನ ಎಂದುಕೊಂಡಿದ್ದೆ. ಏಳು ವರ್ಷ ಒಂದು ಮನೆಯ ಬಾಯಿಗೆ ಬಟ್ಟೆ ಕಟ್ಟಿದ್ದೆ.

“ತಪ್ಪಾಯ್ತಮ್ಮ,” ಎಂದೆ.

“ಈಗ ನಿಮ್ಮ ಮಾತಲ್ಲಿ ಹೇಳಿ. ಸಿನಿಮಾ ಗಿನಿಮಾ ಬಿಡಿ. ನಿಮಗ್ ಗೊತ್ತಾ, ಅವಳು ಎಲ್ಲಿದಾಳೆ ಅಂತ?”

“ನನಗೆ ನಂಬಿಕೆ ಇದೆ...”

“ನಂಬಿಕೆ ಕೇಳ್ಲಿಲ್ಲ ನಾನು.”

“ಗೊತ್ತಿಲ್ಲಮ್ಮ.”

ಅವರು ತಲೆಯಾಡಿಸಿದರು. ಒಪ್ಪಿಕೊಂಡಂತೆಯೂ ಅಲ್ಲ, ಬೈದಂತೆಯೂ ಅಲ್ಲ. “ಎದ್ದೇಳಿ, ಒಂದು ಗಂಟೆ ಬಸ್ಸು ಸಿಗುತ್ತೆ,” ಎಂದರು. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಹೇಳಿದರು: “ಆ ಶುಕ್ರವಾರ ಬರ್ತೀನಿ. ಅಕ್ಷರ ಬಂದ್ರೂ ನೀವೇ ಹೇಳ್ಬೇಕು. ಗೊತ್ತಿಲ್ಲ ಅಂದಿದ್ದನ್ನೂ ನಿಮ್ಮ ಬಾಯಲ್ಲೇ ಕೇಳ್ಬೇಕು ನಾನು.”

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಬಿಸಿಗಾಳಿಗೆ ಮುಖ ಕೊಟ್ಟು ಕೂತೆ. ಪ್ರತಿ ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು, ಎಲ್ಲರೂ ಒಟ್ಟಿಗೆ, ನಂಬುತ್ತೇನೆ ಎಂದು ಹೇಳುತ್ತೇವೆ. ಬಲ್ಲೆ ಎಂದು ಯಾರೂ ಹೇಳಿಸುವುದಿಲ್ಲ. ಅರುವತ್ತು ವರ್ಷ ಹೇಳಿದರೂ ಆ ಎರಡರ ನಡುವಿನ ಜಾಗದಲ್ಲಿ ನಿಲ್ಲುವ ಧೈರ್ಯ ನನಗೆ ಬಂದಿರಲಿಲ್ಲ. ಅಂದು ಹಾಲಿನಲ್ಲಿ ಆ ತಾಯಿಗೆ ಹೆದರಿ ಸುಳ್ಳು ಹೇಳಿದೆ ಎಂದೇ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಹೆದರಿದ್ದು ನನಗಾಗಿ. ದೇವರ ಕೆಲಸದಲ್ಲಿ ನೆರೆತ ಮುದುಕನೇ ಗೊತ್ತಿಲ್ಲ ಎನ್ನುವುದು ನನ್ನ ಕಿವಿಗೆ ಬೀಳಬಾರದಿತ್ತು. ಗೆಳೆಯನ ಸಮಾಧಿಯ ಮುಂದೆ ಯೇಸುವೇ ಅತ್ತನೆಂದು ಬೈಬಲ್ಲಿನಲ್ಲಿದೆ. ಇನ್ನೊಂದು ಗಳಿಗೆಗೆ ಅವನನ್ನು ಎಬ್ಬಿಸಲಿದ್ದವನು, ಆದರೂ ಮೊದಲು ಅತ್ತ. ಅದನ್ನು ಚಿಕ್ಕಂದಿನಿಂದ ಓದಿದ ನಾನು ಒಬ್ಬ ತಾಯಿಗೆ ಅಳಬೇಡವೆಂದು ದೇವರ ಹೆಸರಲ್ಲಿ ಅಪ್ಪಣೆ ಮಾಡಿದ್ದೆ. ಕೋಲಾರ ಬಂದಿತೆಂದು ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

ಆ ಶುಕ್ರವಾರ ಹಾಲು ತುಂಬಿತ್ತು, ಮಾಲೂರಿನಿಂದಲೂ ಒಂದು ವ್ಯಾನಿನಲ್ಲಿ ಬಂದಿದ್ದರು. ಅಯ್ಯನವರಿಗೆ ಎಲ್ಲವನ್ನೂ ಹೇಳಿದ್ದೆ. ಅವರು ಉಪದೇಶ ಮಾಡಲಿಲ್ಲ, “ಎರಡೂ ಇರಲಿ ಸರ್, ಅಕ್ಷರಾನೂ ನೀವೂ,” ಎಂದಷ್ಟೇ ಹೇಳಿ ನನಗೊಂದು ಎತ್ತರದ ಸ್ಟೂಲು ಇಡಿಸಿದ್ದರು. ಆ ತಾಯಿ ಮುಂದಿನ ಸಾಲಿನಲ್ಲಿ ಕೂತರು. ನನಗೆ ಕೈಮುಗಿಯಲಿಲ್ಲ.

ಗಾಳಿಯ ಸದ್ದು ಬಂತು, ಹೋಯಿತು. ನಾನು ಮೈಕಿನಲ್ಲಿ ಹೇಳಿದೆ: “ನನಗೆ ಗೊತ್ತಿಲ್ಲ. ಇಲ್ಲಿ ಕೂತುಕೊಳ್ಳಲೇ?”

ಕಿವಿ ಮಂದವಾದ ಆ ಹಿರಿಯರು ಈ ಸಲ ಅಕ್ಷರ ಓದಿದ್ದರು. ಅವರು ಮೆಲ್ಲಗೆ ಅಂದುಕೊಂಡದ್ದು ಹಾಲಿಗೆಲ್ಲ ಕೇಳಿಸಿತು. “ಹೋದ್ ವರ್ಷ ಬೇರೆ ಇತ್ತಲ್ಲಪ್ಪಾ?”

“ಹೋದ ವರ್ಷ ನಾನು ತಪ್ಪು ಹೇಳಿದೆ. ಅದರ ಹಿಂದಿನ ಸಲಗಳಲ್ಲೂ ತಪ್ಪು ಹೇಳಿದೆ. ಅವರು ಹೇಳಿದ್ದು ಇಷ್ಟೇ,” ಎಂದೆ.

ಯಾರೋ ಕೆಮ್ಮಿದರು. ಹಿಂದೆ ಗುಸುಗುಸು ಎದ್ದು ಅಡಗಿತು. ನಾನು ಆ ತಾಯಿಯ ಕಡೆ ನೋಡಿದೆ. ಈಗಲಾದರೂ ಅಳುತ್ತಾರೆ, ನನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಕಾದಿದ್ದೆ, ಎಂಥ ಆಸೆ ನೋಡಿ. ಅವರ ಕಣ್ಣು ಒಣಗಿತ್ತು. ಪರದೆಯ ಮೇಲೆ ಪಾದ್ರಿ ಬಲೆ ಹೆಣೆಯುತ್ತಿದ್ದ, ಅವರು ಆ ಕೈಗಳನ್ನೇ ನೋಡುತ್ತ ಕೊನೆಯವರೆಗೂ ಕೂತಿದ್ದರು.

ಬಸ್ ಸ್ಟ್ಯಾಂಡಿನವರೆಗೆ ನಾನೂ ಆ ತಾಯಿಯ ಜೊತೆಗೆ ನಡೆದೆ. ಏಳೂವರೆ ದಾಟಿತ್ತು, ಕಾಲೇಜಿನ ಮಕ್ಕಳ ನೂಕುನುಗ್ಗಲು. ಶ್ರೀನಿವಾಸಪುರದ ಬಸ್ಸು ನಿಲ್ಲುವ ಕಡೆ ಒಂದು ಹುಡುಗಿ ಕಂಬಕ್ಕೆ ಒರಗಿ ನಿಂತು ಫೋನಿನಲ್ಲಿ ರೇಗುತ್ತಿದ್ದಳು. “ಅಮ್ಮಾ, ತಿಂದೆ ಕಣೇ! ಚಿತ್ರಾನ್ನ. ಎಷ್ಟ್ ಸಲ ಹೇಳ್ಲಿ? ಇಲ್ಲ, ಡಬ್ಬಿ ಕಳ್ದಿಲ್ಲ, ಬ್ಯಾಗಲ್ಲೇ ಐತೆ. ಇಡು ಫೋನು!”

ನನ್ನ ಪಕ್ಕದಲ್ಲಿ ಕೆಮ್ಮಿನಂಥ ಸದ್ದಾಯಿತು. ಆಮೇಲೆ ಅದು ಕೆಮ್ಮಲ್ಲ ಎಂದು ತಿಳಿಯಿತು. ಆ ತಾಯಿ ಅಲ್ಲೇ ಸಿಮೆಂಟಿನ ಕಟ್ಟೆಯ ಮೇಲೆ ಕುಸಿದು ಅಳತೊಡಗಿದರು. ಸೆರಗು ಬಾಯಿಗೆ ಹೋಗಲಿಲ್ಲ. ದೊಡ್ಡದಾಗಿ, ಮೂಗು ಸುರಿಸಿಕೊಂಡು, ಮಗಳನ್ನೂ ಗಂಡನನ್ನೂ ಒಟ್ಟಿಗೆ ಕರೆದು ಅತ್ತರು. ಫೋನಿನ ಹುಡುಗಿ ಮಾತು ನಿಲ್ಲಿಸಿ ನೋಡಿದಳು. ಜನ ಸುತ್ತುಗಟ್ಟಿದರು. ಕಂಡಕ್ಟರು ಇಳಿದು ಬಂದು, “ಏನ್ ಸಾರ್, ಏನಾಯ್ತು ಅಮ್ಮನಿಗೆ? ಪಿಕ್‌ಪಾಕೆಟ್ಟಾ?” ಎಂದ.

“ಮಗಳು ತೀರ್ಕೊಂಡಿದ್ದಾಳೆ,” ಎಂದೆ.

“ಅಯ್ಯೋ. ಯಾವಾಗ?”

ಆ ಬಸ್ಸು ಹೋಯಿತು. ಅವರ ಕೈಚೀಲ ಹಿಡಿದುಕೊಂಡು ನಾನು ನಿಂತೇ ಇದ್ದೆ, ಮೊಣಕಾಲು ಉರಿಯುತ್ತಿತ್ತು. ಮುಂದಿನ ಬಸ್ಸು ಬರುವ ಹೊತ್ತಿಗೆ ಅಳು ಬಿಕ್ಕಳಿಕೆಗೆ ಇಳಿದಿತ್ತು. ಎದ್ದರು, ನಲ್ಲಿಯಲ್ಲಿ ಮುಖ ತೊಳೆದುಕೊಂಡರು, ಚೀಲ ಇಸಿದುಕೊಂಡು ಹತ್ತಿ ಕಿಟಕಿಯ ಪಕ್ಕ ಕೂತರು. ನಾನು ಕೆಳಗೆ ನಿಂತು, ಹೇಗೆ ಕೇಳುವುದೆಂದು ತಿಳಿಯದೆ, “ಅಮ್ಮಾ, ನನ್ನನ್ನ...” ಎಂದು ತಡವರಿಸಿದೆ.

“ಕ್ಷಮಿಸೋ ವಿಚಾರ ಆಮೇಲ್ ನೋಡಣ ಮೇಷ್ಟ್ರೇ,” ಎಂದರು ಅವರು, ಕಿಟಕಿಯ ಸರಳಿಗೆ ತಲೆ ಆನಿಸಿ. “ಇವತ್ತು ಸುಸ್ತಾಗಿದೆ ನಂಗೆ.”

ನನಗೂ ಸುಸ್ತಾಗಿತ್ತು. ಆಯ್ತಮ್ಮ ಎಂದೆ. ಬಸ್ಸು ಹೊರಟಿತು.